ಎಡಾಸ್, ಕ್ಯಾಮೆರಾ, ತಾನೇ ಓಡುವ ಗಾಡಿ: ಒಳ್ಳೆಯದಾಗಿದ್ದು ಯಾರಿಗೆ ಅಂತ ಅಳೆಯುವುದು ಹೇಗೆ?

ನಿಗಡಿಯ ಹುಬ್ಬಳ್ಳಿಯವ, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ವಾಹನ ಪರೀಕ್ಷೆಯ ಕೆಲಸದಲ್ಲಿರುವವ. ಗುಡ್ಡದ ಮೇಲೆ ಎಆರ್‌ಎಐ, ಭೋಸರಿಯಲ್ಲಿ ಸಿಐಆರ್‌ಟಿ ಅನ್ನುವ ವಾಹನ ಪರೀಕ್ಷಾ ಸಂಸ್ಥೆಗಳು, ಪಿಂಪ್ರಿ, ಚಾಕಣದ ತುಂಬ ಕಾರ್ಖಾನೆ ಇರುವ ಊರಿದು. ಎಡಾಸ್ (ಚಾಲಕನಿಗೆ ನೆರವಾಗುವ ಯಂತ್ರವ್ಯವಸ್ಥೆ) ಅನ್ನುವ ಶಬ್ದ ಇಲ್ಲಿ ಚಹಾದಂಗಡಿಯ ಕಟ್ಟೆಯ ಮೇಲೂ ಕೇಳಿಬರುತ್ತದೆ. ನಮ್ಮ ಭಾಗದ ನಾಗರಿಕರ ಸಮಿತಿಯೊಂದು ಹೆದ್ದಾರಿ ಸುರಕ್ಷತೆಯ ಬಗ್ಗೆ ಮನವಿ ಬರೆಯುತ್ತಿದ್ದು, ಅದರ ಒಂದು ಭಾಗ ಬರೆದುಕೊಡಿ ಅಂತ ನನ್ನನ್ನು ಕೇಳಿದ್ದಾರೆ. ಒಂದಕ್ಕೊಂದು ಸುದ್ದಿ ಕೊಡುವ ಗಾಡಿ, ತಾನೇ ಬ್ರೇಕ್ ಹಾಕುವ ಗಾಡಿ, ಮುಂದೆ ತಾನೇ ಓಡುವ ಗಾಡಿ, ಇವೆಲ್ಲ ಬಂದ ಮೇಲೆ ರಸ್ತೆಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ ಅನ್ನುವುದು ಅವರ ಪ್ರಶ್ನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಕಾರಿನೊಳಗೆ ಕೂತು ಅಳೆದರೆ ಕಾರಿನವನಿಗೆ ಆದ ಲಾಭವಷ್ಟೇ ಸಿಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 44.5% ಬೈಕ್, ಸ್ಕೂಟರ್ ಮೇಲಿದ್ದವರು, 19.5% ನಡೆದು ಹೋಗುತ್ತಿದ್ದವರು. ಅಂದರೆ ನೂರಕ್ಕೆ ಅರವತ್ತನಾಲ್ಕು ಜನ ಏರ್‌ಬ್ಯಾಗೂ ಇಲ್ಲದೆ, ರಡಾರೂ ಇಲ್ಲದೆ ರಸ್ತೆಯಲ್ಲಿದ್ದವರು. ಯಾವ ಯಂತ್ರ ಬಂದರೂ ಇವರ ಸಾವು, ಇವರ ಗಾಯ ಎಷ್ಟು ಇಳಿಯಿತು ಅನ್ನುವುದೇ ಮೊದಲ ಲೆಕ್ಕವಾಗಬೇಕು. ಉಳಿದ ಲೆಕ್ಕಗಳು ಅದರ ಹಿಂದೆ ಬರಲಿ.

ಗೊಂದಲ ಬೇಡವೆಂದು ಒಂದು ಮಾತು. ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆ 2014ರಲ್ಲಿ, ಗಾಡಿ ಎಷ್ಟರಮಟ್ಟಿಗೆ ತಾನೇ ಓಡುತ್ತದೆ ಅನ್ನುವುದಕ್ಕೆ 0ರಿಂದ 5ರವರೆಗೆ ಹಂತಗಳನ್ನು ಗುರುತಿಸಿತು. ನಮ್ಮಲ್ಲಿ ಶೋರೂಮಿನವರು ಎಡಾಸ್ ಅಂತ ಮಾರುವುದು ಹೆಚ್ಚೆಂದರೆ 2ನೇ ಹಂತ. ಸ್ಟಿಯರಿಂಗ್ ಹಿಡಿದವನೇ ಅಲ್ಲಿ ಪೂರ್ತಿ ಹೊಣೆಗಾರ. 3ನೇ ಹಂತದಿಂದ ಹೊಣೆ ಸ್ವಲ್ಪ ಹೊತ್ತು ಗಾಡಿಗೆ ದಾಟುತ್ತದೆ. ಈ ಎರಡನ್ನೂ ಕಲಸಿ ಮಾತಾಡಬೇಡಿ ಅಂತ ವಿನಂತಿ.

ನಿಮ್ಮ ಅನುಭವ, ಆಕ್ಷೇಪ, ಏನಿದ್ದರೂ ಬರೆಯಿರಿ. ಮುಂಬಯಿ, ಗೋವಾದವರು ಬರೆದರೆ ಇನ್ನೂ ಒಳ್ಳೆಯದು.

ಮಾಟುಂಗಾ ಶೆಟ್ರು, ಮುಂಬಯಿ

ಒಳ್ಳೆ ವಿಷಯ ಎತ್ತಿದ್ದೀರಿ ಮಾರಾಯ್ರೆ. ಆದರೆ ಇಷ್ಟೆಲ್ಲ ಅಳೆಯುವುದು ಎಂತಕ್ಕೆ? ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯೇ ಹೇಳಿದ್ದುಂಟು, ನೂರರಲ್ಲಿ 94 ಅಪಘಾತಕ್ಕೆ ಚಾಲಕನೇ ಕಾರಣ ಅಂತ. ಚಾಲಕನನ್ನು ತೆಗೆದರೆ ಕಾರಣವೇ ಹೋಯಿತಲ್ಲ. ವೇಮೋದವರ ಡ್ರೈವರಿಲ್ಲದ ಟ್ಯಾಕ್ಸಿ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಓಡುತ್ತಾ ಉಂಟು. ಸ್ವಿಸ್ ರೀ ವಿಮಾ ಕಂಪನಿಯ ಜೊತೆ ಸೇರಿ 2024ರಲ್ಲಿ ಲೆಕ್ಕ ಕೊಟ್ಟಿದ್ದಾರೆ. 2.53 ಕೋಟಿ ಮೈಲಿ ಓಟದಲ್ಲಿ ಗಾಯದ ವಿಮಾ ಕ್ಲೇಮು ಮನುಷ್ಯ ಚಾಲಕರಿಗಿಂತ 92% ಕಡಿಮೆ. ಇದಕ್ಕಿಂತ ಇನ್ನೇನು ಪುರಾವೆ ಬೇಕು?

ನಾನು ಹೋಟೆಲಿನವ. ರಾತ್ರಿ ಬಾಗಿಲು ಹಾಕಿ ಹೊರಡುವಾಗ ಸಯನ್ ಸರ್ಕಲ್ಲಿನಲ್ಲಿ ಗಾಡಿಗಳು ಬರುವ ರಭಸ ನೋಡಿದರೆ ಯಂತ್ರವೇ ವಾಸಿ ಅನ್ನಿಸುತ್ತದೆ. ನಮ್ಮ ಅಡುಗೆಯ ಹುಡುಗನೊಬ್ಬ ಅಲ್ಲೇ ಪೆಟ್ಟು ತಿಂದು ಈಗಲೂ ಕುಂಟುತ್ತಿದ್ದಾನೆ.

ನಿಗಡಿಯ ಹುಬ್ಬಳ್ಳಿಯವ, ಪುಣೆ

ಶೆಟ್ರೇ, ನಿಮ್ಮ ಹುಡುಗನ ವಿಷಯ ಕೇಳಿ ಬೇಸರವಾಯಿತು. ಅಂಥವರ ಸಲುವಾಗಿಯೇ ಈ ಚರ್ಚೆ.

94ರ ವಿಷಯ. 2015ರ ಆ ಟಿಪ್ಪಣಿ ಹೇಳಿದ್ದು, ಘಟನೆಗಳ ಸರಪಳಿಯ ಕೊನೆಯ ಕೊಂಡಿ ಚಾಲಕನ ಕೈಯಲ್ಲಿತ್ತು ಅಂತ. ಅದನ್ನು ಅಪಘಾತದ ಪೂರ್ತಿ ಕಾರಣ ಅಂತ ತಿಳಿಯಬಾರದು ಎಂದು ಅದರಲ್ಲೇ ಬರೆದಿದೆ. ಅಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2020ರಲ್ಲಿ ಇದೇ ಅಪಘಾತಗಳ ರಾಶಿಯನ್ನು ಬಿಡಿಸಿ ನೋಡಿತು. ಯಂತ್ರ ಚೆನ್ನಾಗಿ ನೋಡುತ್ತದೆ, ತೂಕಡಿಸುವುದಿಲ್ಲ, ಕುಡಿಯುವುದಿಲ್ಲ ಅನ್ನುವಷ್ಟರಿಂದ ತಪ್ಪುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ತಪ್ಪಬೇಕಾದರೆ ಗಾಡಿ ನಿಧಾನವಾಗಿ ಹೋಗಬೇಕು, ಅಂತರ ಬಿಡಬೇಕು. ಅವಸರವನ್ನೇ ಮಾರುವ ಕಂಪನಿ ಆ ಸೆಟ್ಟಿಂಗ್ ಇಡುತ್ತದೆಯೇ? ಪ್ರಯಾಣಿಕ ಅದನ್ನು ಸಹಿಸುತ್ತಾನೆಯೇ? ಪರೀಕ್ಷೆಯಲ್ಲಿ ನೋಡಬೇಕಾದ್ದು ಇದನ್ನೇ.

ವೇಮೋದ ಲೆಕ್ಕ ಗಟ್ಟಿಯಾದದ್ದು, ನಾನು ತಳ್ಳಿಹಾಕುವುದಿಲ್ಲ. ಅದು ಆ ಊರಿನ ಅಳೆದು ಗುರುತು ಮಾಡಿದ ಬೀದಿಗಳ ಲೆಕ್ಕ. ಇನ್ನೊಂದು ಕಷ್ಟವೂ ಇದೆ. ಸಾವು ಅಂಕಿಅಂಶದ ಕಣ್ಣಿಗೆ ಅಪರೂಪದ ಘಟನೆ. ರ‍್ಯಾಂಡ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು: ಅಮೆರಿಕದ ಚಾಲಕರಿಗಿಂತ ಸಾವು ಹೆಚ್ಚಿಲ್ಲ ಅಂತ 95% ಖಾತ್ರಿಯಿಂದ ಹೇಳಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 44 ಕೋಟಿ ಕಿಲೋಮೀಟರ್. ಹತ್ತಿಪ್ಪತ್ತು ಗಾಡಿಗಳ ಪ್ರಯೋಗದಿಂದ ಸಾವಿನ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಹಾಗಾಗಿ ಜಗತ್ತಿನಾದ್ಯಂತ ಬೇರೆ ಸೂಚಕಗಳನ್ನು ಹಿಡಿಯುತ್ತಾರೆ: ಗಕ್ಕನೆ ಬ್ರೇಕ್ ಒತ್ತಿದ್ದು ಎಷ್ಟು ಸಲ, ಇದೇ ವೇಗದಲ್ಲಿ ಹೋದರೆ ಡಿಕ್ಕಿಗೆ ಎಷ್ಟು ಸೆಕೆಂಡು ಉಳಿದಿತ್ತು, ಪಾದಚಾರಿಗೆ ಎಷ್ಟು ಜಾಗ ಬಿಟ್ಟು ದಾಟಿತು, ಇಂಥವು.

2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪೆಯಲ್ಲಿ ನಡೆದದ್ದು ನೆನಪಿರಲಿ. ಪರೀಕ್ಷೆಯಲ್ಲಿದ್ದ ಗಾಡಿಯೊಂದು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಬಡಿದು ಆಕೆ ತೀರಿಕೊಂಡರು. ತನಿಖೆಯ ಪ್ರಕಾರ ಗಾಡಿಗೆ ಆಕೆ 5.6 ಸೆಕೆಂಡು ಮೊದಲೇ ಕಂಡಿದ್ದರು. ಒಮ್ಮೆ ವಾಹನ, ಒಮ್ಮೆ ಬೇರೇನೋ ವಸ್ತು, ಒಮ್ಮೆ ಸೈಕಲ್ ಅಂತ ಗುರುತು ಬದಲಿಸುತ್ತ ಹೋಯಿತು. ಜೀಬ್ರಾ ಪಟ್ಟಿ ಇಲ್ಲದ ಕಡೆ ಮನುಷ್ಯರು ದಾಟಬಹುದು ಅನ್ನುವ ಕಲ್ಪನೆಯೇ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಈಗ ಜನ ಎಲ್ಲೆಂದರಲ್ಲಿ ರಸ್ತೆ ದಾಟುವ ನಮ್ಮ ದಾದರ್, ಸ್ವಾರಗೇಟ್ ನೆನಪು ಮಾಡಿಕೊಳ್ಳಿ.

ಸೀಟ್ ನಂಬರ್ 1, ಬಸ್ ಡ್ರೈವರ್, ಕಾತ್ರಜ್

ಸರ, ನಾ ವಿಜಾಪುರದಾಂವ. ರಾತ್ರಿ ಗಾಡಿ ಓಡಸ್ತೀನಿ, ಪುಣೆ, ಸೋಲಾಪುರ, ವಿಜಾಪುರ ಲೈನ್. ನಿಮ್ಮ ದೊಡ್ಡ ದೊಡ್ಡ ಲೆಕ್ಕ ನನಗ ಪೂರಾ ತಿಳಿಯೂದಿಲ್ಲ, ಆದ್ರ ನಮ್ಮ ಗಾಡ್ಯಾಗ ಮಷಿನ್ ಹಾಕ್ಯಾರ, ಅದರ ಸುದ್ದಿ ಹೇಳ್ತೀನಿ.

ಡ್ಯಾಶ್‌ಬೋರ್ಡ್ ಮ್ಯಾಲ ನನ್ನ ಮಾರಿ ಕಡೆ ಒಂದು ಸಣ್ಣ ಕ್ಯಾಮೆರಾ ಐತಿ. ಕಣ್ಣ ಮುಚ್ಚಿದ್ರ, ಆಕಳಿಸಿದ್ರ, ಫೋನ್ ನೋಡಿದ್ರ ಟಣ್ ಟಣ್ ಅಂತದ, ಮಾಲೀಕರ ಮೊಬೈಲಿಗೆ ಮೆಸೇಜ್ ಹೋಗತದ. ಇನ್ನೊಂದು ಹೊರಗಿನ ರಸ್ತೆ ನೋಡತದ. ಮೊದಲಿನದ್ದು ನನ್ನ ಜೀವ ಉಳಿಸೈತಿ ಅಂತ ಬೇಕಾದ್ರ ಆಣಿ ಮಾಡ್ತೀನಿ. ಇಂದಾಪುರ ದಾಟಿದ ಮ್ಯಾಲ ಬೆಳಗಿನ ಜಾವ ನಿದ್ದಿ ಹೆಂಗ ಒತ್ತತದ ಅಂದ್ರ ಕಣ್ಣ ತೆರದಿದ್ರೂ ಏನೂ ಕಾಣೂದಿಲ್ಲ. ಟಣ್ ಅಂದಾಗ ಗಾಡಿ ಸೈಡಿಗೆ ಹಚ್ಚಿ ಮಾರಿ ತೊಳಕೊಂಡು ಕ್ಲೀನರಿಗೆ ಹೇಳಿ ಒಂದೀಟು ಅಡ್ಡಾಗೀನಿ.

ಎರಡನೇದು ತ್ರಾಸ. ಮಳಿಗಾಲದಾಗ ರಸ್ತಿ ಪಟ್ಟಿ ಅಳಿಸಿ ಹೋಗಿರತದ, ಹಳೀ ಪಟ್ಟಿ ಒಂದು, ಹೊಸಾದು ಒಂದು. ಅದು ಸುಮ್ಮ ಸುಮ್ಮನ ಬಡಕೋತದ. ಬೈಕ್ ಅಡ್ಡ ಬಂದ್ರ ಬಡಕೋತದ. ಪ್ಯಾಸೆಂಜರ್ ಎದ್ದು ಬೈತಾರ. ನಮ್ಮ ಹುಡುಗ್ರು ಏನ ಮಾಡ್ತಾರ ಅಂದ್ರ ಸ್ಪೀಕರ್ ತೂತಿಗೆ ಎಮ್-ಸೀಲ್ ಮೆತ್ತಿಬಿಡ್ತಾರ. ಕ್ಯಾಮೆರಾಕ್ಕ ದೇವರ ಫೋಟೋದ ಹಾರ ಇಳಿಬಿಡ್ತಾರ. ನಿಮ್ಮ ರಿಪೋರ್ಟಿನ್ಯಾಗ 'ಮಷಿನ್ ಹಾಕಿದ ಗಾಡಿ ಇಷ್ಟು' ಅಂತ ಬರಿಯೂಮುಂದ, ಅದ್ರಾಗ ಚಾಲೂ ಇದ್ದದ್ದು ಎಷ್ಟು ಅನ್ನೂದೂ ಬರೀರಿ.

ಇನ್ನೊಂದ ಮಾತು. ನಿದ್ದಿ ಬಂದದ್ದು ಗೊತ್ತಾಗತದ, ಆದ್ರ ನಿದ್ದಿ ಯಾಕ ಬಂತು? ಒಬ್ಬನ ಡ್ರೈವರ್ ಹೋಗೂದು, ಬರೂದು ಎರಡೂ ಮಾಡ್ಯಾನ. ಮೆಸೇಜ್ ನೋಡಿದ ಮಾಲೀಕ್ರು ದಂಡ ಹಾಕ್ತಾರ, ಎರಡನೇ ಡ್ರೈವರ್‌ನ ಕೊಡೂದಿಲ್ಲ.

ನಿಗಡಿಯ ಹುಬ್ಬಳ್ಳಿಯವ, ಪುಣೆ

ಅಣ್ಣಾ, ನಿಮ್ಮ ಮಾತನ್ನು ಮನವಿಯಲ್ಲಿ ಹಾಗೇ ಹಾಕುತ್ತೇನೆ, ಹೆಸರಿಲ್ಲದೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಒಂದು ಕರಡು ಹೊರಡಿಸಿತ್ತು: ದೊಡ್ಡ ಬಸ್ಸು, ಲಾರಿಗಳಿಗೆ ತಾನೇ ಹಾಕಿಕೊಳ್ಳುವ ಬ್ರೇಕ್, ತೂಕಡಿಕೆಯ ಎಚ್ಚರಿಕೆ, ಪಟ್ಟಿ ತಪ್ಪಿದರೆ ಎಚ್ಚರಿಕೆ ಕಡ್ಡಾಯ ಮಾಡುವ ಬಗ್ಗೆ. ಕಡ್ಡಾಯ ಮಾಡುವುದು ಬೇಕು. ಅದರ ಜೊತೆಗೇ ನೀವು ಹೇಳಿದ ಮೂರು ಪ್ರಶ್ನೆಯೂ ಬೇಕು: ಎಷ್ಟು ಚಾಲೂ ಇದೆ, ಎಷ್ಟು ಸಲ ಸುಳ್ಳೇ ಕೂಗುತ್ತದೆ, ಎಚ್ಚರಿಕೆ ಬಂದ ಮೇಲೆ ಮಾಲೀಕ ಏನು ಮಾಡಿದ. ಮೂರನೆಯದನ್ನು ಯಾವ ಪರೀಕ್ಷಾ ಟ್ರ್ಯಾಕಿನಲ್ಲೂ ಅಳೆಯಲಾಗುವುದಿಲ್ಲ.

ಯಂತ್ರ ಬಂದ ಮೇಲೆ ಮನುಷ್ಯನ ನಡತೆ ಬದಲಾಗುವುದಕ್ಕೆ ಹಳೆಯ ಪಾಠವೊಂದಿದೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಅರ್ಧ ಟ್ಯಾಕ್ಸಿಗಳಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಹಾಕಿ, ಅರ್ಧಕ್ಕೆ ಹಾಕದೆ ಓಡಿಸಿ ನೋಡಿದರು. ಎಬಿಎಸ್ ಇದ್ದವರ ಅಪಘಾತ ಕಡಿಮೆಯಾಗಲಿಲ್ಲ, ಏಕೆಂದರೆ ಬ್ರೇಕ್ ಚೆನ್ನಾಗಿದೆ ಅನ್ನುವ ಧೈರ್ಯದಲ್ಲಿ ಅವರು ಗಾಡಿಯನ್ನು ಇನ್ನೂ ಜೋರಾಗಿ ಓಡಿಸಿದ್ದರು. ಎಡಾಸ್ ಕಾರಿನವರು ಎಕ್ಸ್‌ಪ್ರೆಸ್‌ವೇಯಲ್ಲಿ ಕೈಬಿಟ್ಟು ರೀಲ್ ಮಾಡುವುದನ್ನು ನೋಡಿದಾಗೆಲ್ಲ ನನಗೆ ಆ ಟ್ಯಾಕ್ಸಿಗಳೇ ನೆನಪಾಗುತ್ತವೆ.

ಡೊಂಬಿವಲಿ ಗೃಹಿಣಿ

ಇಲ್ಲಿ ಒಂದು ದನಿ ಕಾಣಿಸುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಅತ್ತೆಗೆ ಗ್ಲುಕೋಮಾ, ಬಲಗಣ್ಣು ಪೂರ್ತಿ ಹೋಗಿದೆ. ಮಾವನವರಿಗೆ ಮಂಡಿ ನೋವು. ಕಣ್ಣಿನ ಆಸ್ಪತ್ರೆಗೆ ಪರೇಲಿಗೆ ಹೋಗುವ ದಿನ ಲೋಕಲ್ ಹತ್ತಿಸುವುದು ಅಂದರೆ ಯುದ್ಧ. ಟ್ಯಾಕ್ಸಿ ಬುಕ್ ಮಾಡಿದರೆ ಡ್ರೈವರ್ ಎಲ್ಲಿಗೆ ಅಂತ ಕೇಳಿ ಕ್ಯಾನ್ಸಲ್ ಮಾಡುತ್ತಾನೆ. ತಾನೇ ಬಂದು, ಬಾಗಿಲ ಮುಂದೆ ನಿಂತು, ಇವರನ್ನು ಕರೆದುಕೊಂಡು ಹೋಗುವ ಗಾಡಿ ಬಂದರೆ ಅತ್ತೆ ಯಾರ ಹಂಗೂ ಇಲ್ಲದೆ ಹೊರಗೆ ಹೋಗುತ್ತಾರೆ. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಹೋಗದೆ ಎಷ್ಟೋ ಕಾಲವಾಯಿತು ಅಂತ ಕೊರಗುತ್ತಾರೆ. ಸಾವು, ಗಾಯ ಅಷ್ಟೇ ಲೆಕ್ಕ ಮಾಡಿದರೆ ಇಂಥವರಿಗೆ ಸಿಗುವ ಬದುಕು ನಿಮ್ಮ ತಕ್ಕಡಿಯಲ್ಲಿ ಬರುವುದೇ ಇಲ್ಲ.

ಥಾಣೆ ಪ್ಲಾನರ್

ಅಕ್ಕ, ನಿಮ್ಮ ಮಾತು ನೂರಕ್ಕೆ ನೂರು ನಿಜ. ಪರಿಣಾಮ ಅಧ್ಯಯನದಲ್ಲಿ ಅದಕ್ಕೊಂದು ಪ್ರತ್ಯೇಕ ಜಾಗವೇ ಇದೆ. 2018ರಲ್ಲಿ ಯುರೋಪ್, ಅಮೆರಿಕ, ಜಪಾನಿನ ತಜ್ಞರು ಒಟ್ಟಿಗೆ ಸಿದ್ಧಪಡಿಸಿದ ಚೌಕಟ್ಟಿನಲ್ಲಿ ಸುರಕ್ಷತೆ, ಗಾಡಿಯ ಚಲನೆ, ಇಂಧನ, ಖರ್ಚು, ಜನರ ಓಡಾಟ ಇವು ತಕ್ಷಣ ಕಾಣುವ ನೇರ ಪರಿಣಾಮಗಳು. ಆರೋಗ್ಯ, ಭೂಬಳಕೆ, ಉದ್ಯೋಗ ನಿಧಾನವಾಗಿ ಬರುವ ಪರೋಕ್ಷ ಪರಿಣಾಮಗಳು. ತೊಂದರೆ ಏನೆಂದರೆ ಹಣ ಕೊಡುವವರು ನೇರ ಪರಿಣಾಮ ಅಳೆದು ಮುಗಿಸುತ್ತಾರೆ. ಪರೋಕ್ಷ ಪರಿಣಾಮ ಕಾಣುವ ಹೊತ್ತಿಗೆ ಯೋಜನೆಯ ಅವಧಿಯೇ ಮುಗಿದಿರುತ್ತದೆ.

ಆದರೆ ಮುಂಬಯಿಗೆ ಒಂದು ಅನುಕೂಲವಿದೆ. ಮಾಲೀಕ ಸ್ಟಿಯರಿಂಗ್ ಹಿಡಿಯದ ಕಾರು ಹೇಗೆ ಓಡಾಡುತ್ತದೆ ಅಂತ ನೋಡಲು ನಾವು ಭವಿಷ್ಯಕ್ಕೆ ಕಾಯಬೇಕಿಲ್ಲ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಸಂಜೆ ಐದೂವರೆಗೆ ನಿಂತು ನೋಡಿ. ಸಾಹೇಬರು ಇನ್ನೂ ಮೀಟಿಂಗಿನಲ್ಲಿ, ಪಾರ್ಕಿಂಗ್ ಇಲ್ಲ, ಪೊಲೀಸರು ನಿಲ್ಲಲು ಬಿಡುವುದಿಲ್ಲ, ಡ್ರೈವರ್ ಖಾಲಿ ಕಾರನ್ನು ಸುತ್ತಿಸುತ್ತಲೇ ಇರುತ್ತಾನೆ. ಬೆಳಿಗ್ಗೆ ಸಾಹೇಬರನ್ನು ಬಿಟ್ಟು, ಖಾಲಿ ಮನೆಗೆ ಹೋಗಿ, ಮೇಡಮ್ಮನ್ನು ಕರೆದೊಯ್ದು, ಮತ್ತೆ ಖಾಲಿ ಬರುತ್ತಾನೆ. ತಾನೇ ಓಡುವ ಕಾರು ಇದನ್ನೇ ಮಾಡುತ್ತದೆ, ಸಂಬಳವಿಲ್ಲದೆ ಮಾಡುತ್ತದೆ, ಹಾಗಾಗಿ ಹೆಚ್ಚು ಜನರ ಕೈಗೆಟುಕುತ್ತದೆ.

ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು ಪರೀಕ್ಷಿಸಿದರು. ತಾನೇ ಓಡುವ ಕಾರು ಸಿಗುವುದಿಲ್ಲ, ಅದಕ್ಕೇ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ 13 ಮಂದಿಗೆ ವಾರಕ್ಕೆ 60 ಗಂಟೆ ಪುಕ್ಕಟೆ ಡ್ರೈವರ್ ಕೊಟ್ಟರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಅವರ ಕಾರು ಓಡಿದ ದೂರ 83% ಹೆಚ್ಚಾಯಿತು. ಹದಿಮೂರು ಮಂದಿ ಬಹಳ ಚಿಕ್ಕ ಗುಂಪು, ಆ ಅಂಕಿಯನ್ನು ಇಲ್ಲಿಗೆ ಹಾಗೇ ತರುವಂತಿಲ್ಲ. ದಿಕ್ಕು ಮಾತ್ರ ಸ್ಪಷ್ಟ. ಇದಕ್ಕೆ ಎದುರಾಗಿ 2015ರ ಲಿಸ್ಬನ್ ಅಧ್ಯಯನವಿದೆ. ತಾನೇ ಓಡುವ ಕಾರುಗಳನ್ನು ಜನ ಹಂಚಿಕೊಂಡು ಹತ್ತಿದರೆ, ಜೊತೆಗೆ ಮೆಟ್ರೋ ಗಟ್ಟಿಯಾಗಿದ್ದರೆ, ಹತ್ತರಲ್ಲಿ ಒಂಬತ್ತು ಕಾರು ಬೇಡವಾಗುತ್ತವೆ ಅಂತ ಆ ಲೆಕ್ಕ. ಗಾಡಿ ಅದೇ, ಒಂದು ಕಡೆ ರಸ್ತೆ ತುಂಬುತ್ತದೆ, ಇನ್ನೊಂದು ಕಡೆ ಖಾಲಿಯಾಗುತ್ತದೆ. ನಿರ್ಧರಿಸುವುದು ನಮ್ಮ ನೀತಿ. ಮುಂಬಯಿಯ ನಗರ ಸಾರಿಗೆಯಾದ ಬೆಸ್ಟ್ ಬಸ್ಸುಗಳನ್ನು ಸೊರಗಲು ಬಿಟ್ಟು ಇಲ್ಲಿ ಲಿಸ್ಬನ್ನಿನ ಫಲ ಬಯಸಲಾಗದು.

ಶೆಟ್ರಿಗೆ ಒಂದು ಮಾತು. ಮುಂಬಯಿಯ ಸಮುದ್ರ ಸೇತುವೆ ಅಟಲ್ ಸೇತು 2024ರ ಜನವರಿಯಲ್ಲಿ ತೆರೆಯಿತು, 21.8 ಕಿಲೋಮೀಟರ್, ಬೈಕಿಗೂ ಆಟೋಗೂ ಪ್ರವೇಶವಿಲ್ಲ. ಅಲ್ಲಿ ಯಾವ ತಾನೇ ಓಡುವ ಕಾರನ್ನು ತಂದು ಬಿಟ್ಟರೂ ಪಾಸಾಗುತ್ತದೆ. ಆ ಫಲಿತಾಂಶವನ್ನು ಹಿಡಿದು ಕಿಕ್ಕಿರಿದ ಧಾರಾವಿಯ 90 ಫೀಟ್ ರೋಡಿನ ಬಗ್ಗೆ ಮಾತಾಡಬಾರದು, ಅಷ್ಟೇ.

ಮಾಟುಂಗಾ ಶೆಟ್ರು, ಮುಂಬಯಿ

ಅದು ಸರಿ ಉಂಟು. ಆದರೆ ಟ್ರಾಫಿಕ್ ಜಾಮ್ ಕಡಿಮೆ ಆಗುವುದಿಲ್ಲವೋ? ಒಂದು ವಿಡಿಯೋದಲ್ಲಿ ನೋಡಿದ್ದೆ, ಇಪ್ಪತ್ತು ಕಾರಿನಲ್ಲಿ ಒಂದೇ ಒಂದು ತಾನೇ ಓಡುವ ಕಾರು ಇದ್ದರೂ ಜಾಮ್ ಬಿಡುತ್ತದೆ ಅಂತ.

ಥಾಣೆ ಪ್ಲಾನರ್

ಅದು ಅಮೆರಿಕದ ಟೂಸಾನ್‌ನಲ್ಲಿ ನಡೆದ ನಿಜವಾದ ಪ್ರಯೋಗ ಶೆಟ್ರೇ. ಸುತ್ತು ರಸ್ತೆಯಲ್ಲಿ ಕಾರುಗಳನ್ನು ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಾರಣವೇ ಇಲ್ಲದೆ ನಿಂತು ಹೊರಡುವ ಅಲೆ ಏಳುತ್ತದೆ. ಜಪಾನಿನವರು 2008ರಲ್ಲೇ 22 ಕಾರುಗಳಿಂದ ಅದನ್ನು ತೋರಿಸಿದ್ದರು. ಟೂಸಾನ್‌ನಲ್ಲಿ ಒಂದು ಕಾರು ಮಾತ್ರ ಸಮನಾದ ವೇಗದಲ್ಲಿ, ಮುಂದೆ ಅಂತರ ಇಟ್ಟುಕೊಂಡು ಹೋಯಿತು. ಅಲೆ ತಗ್ಗಿತು, ಇಂಧನವೂ ಬಹಳ ಉಳಿಯಿತು.

ಆದರೆ ಸಯನ್-ಪನ್ವೆಲ್ ರಸ್ತೆಯಲ್ಲಿ ಅಂತರ ಬಿಟ್ಟುನೋಡಿ. ನನ್ನ ಸಹೋದ್ಯೋಗಿಯ ಕಾರಿನಲ್ಲಿ ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿಗೆ ತಕ್ಕಂತೆ ತಾನೇ ವೇಗ ಹೊಂದಿಸಿಕೊಳ್ಳುವ ಸೌಲಭ್ಯ) ಹಾಕಿ ಹೋದಾಗ ಕಂಡದ್ದು: ಮುಂದೆ ಒಂದು ಕಾರಿನಷ್ಟು ಜಾಗ ತೆರೆದ ತಕ್ಷಣ ಎಡಗಡೆಯಿಂದ ಆಟೋ ನುಗ್ಗುತ್ತದೆ, ನಮ್ಮ ಕಾರು ಬ್ರೇಕ್ ಒತ್ತುತ್ತದೆ, ಹಿಂದಿನ ಟೆಂಪೋದವನು ಹಾರ್ನ್ ಹೊಡೆಯುತ್ತಾನೆ, ಕಾರು ಇನ್ನಷ್ಟು ಹಿಂದೆ ಸರಿದು ಮತ್ತೆ ಜಾಗ ತೆರೆಯುತ್ತದೆ, ಬೈಕ್ ನುಗ್ಗುತ್ತದೆ. ಅಲೆ ತಗ್ಗಿಸಬೇಕಾದ ಕಾರೇ ಅಲೆ ಎಬ್ಬಿಸಿತು. ಕೊನೆಗೆ ಅವರು ಅದನ್ನು ಆರಿಸಿಬಿಟ್ಟರು. ಪಟ್ಟಿ ಹಿಡಿದು ಹೋಗುವ ದೇಶದ ಮಾದರಿಗಳನ್ನು ಇಲ್ಲಿ ಹಾಕಿದರೆ ಉತ್ತರ ತಪ್ಪು ಬರುತ್ತದೆ. ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರಿನ ರಸ್ತೆಗಳಲ್ಲಿ ಓಡಾಡಿ 10,000 ಚಿತ್ರಗಳ ಸಂಗ್ರಹ ಮಾಡಿದ್ದು ಇದೇ ಕಾರಣಕ್ಕೆ. ಹೊರದೇಶದ ಚಿತ್ರ ನೋಡಿ ಕಲಿತ ಯಂತ್ರಕ್ಕೆ ನಮ್ಮ ಆಟೋ, ನಮ್ಮ ಮಣ್ಣಿನ ಅಂಚು, ನಮ್ಮ ಬಿಡಾಡಿ ದನ ಗುರುತಾಗುವುದಿಲ್ಲ.

ವಾಸ್ಕೋದ ನರ್ಸ್, ಗೋವಾ

ನಾನು ಅಂಕೋಲೆಯವಳು, ಗೋವಾದಲ್ಲಿ ತುರ್ತು ವಿಭಾಗದಲ್ಲಿ ಕೆಲಸ. ನನಗೆ ತಾನೇ ಓಡುವ ಗಾಡಿಗಿಂತ ಸುದ್ದಿ ಕೊಡುವ ಗಾಡಿ ಮುಖ್ಯ ಅನ್ನಿಸುತ್ತದೆ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯ. ಜೋರಾಗಿ ಬಡಿದರೆ ಗಾಡಿಯೇ 112ಕ್ಕೆ ಕರೆ ಮಾಡಿ ಜಾಗ ತಿಳಿಸುತ್ತದೆ. ನಮ್ಮ ಕಡೆ ರಾತ್ರಿ ಬಿದ್ದವನನ್ನು ಯಾರೋ ನೋಡಿ, ಫೋನ್ ಮಾಡಿ, ಜಾಗ ವಿವರಿಸಿ, 108 ಹುಡುಕಿಕೊಂಡು ಬರುವಷ್ಟರಲ್ಲಿ ರಕ್ತ ಹೋಗಿರುತ್ತದೆ. ಬಂದವರ ಬಟ್ಟೆ ಮುಟ್ಟಿದರೆ ಸಾಕು ಎಷ್ಟು ಹೊತ್ತು ಬಿದ್ದಿದ್ದರು ಅಂತ ನಮಗೆ ಗೊತ್ತಾಗುತ್ತದೆ. ಒದ್ದೆಯಿದ್ದರೆ ಬೇಗ ಬಂದಿದ್ದಾರೆ; ಒಣಗಿ ಗಟ್ಟಿಯಾಗಿದ್ದರೆ ಕತ್ತರಿಯಲ್ಲಿ ಕತ್ತರಿಸಿ ತೆಗೆಯಬೇಕು.

ಆದರೆ ಬೆಳಗಾವಿಗೆ ಹೋಗುವ ಚೋರ್ಲಾ ಘಾಟಿನಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೇ ಬರುವುದಿಲ್ಲ. ಗಾಡಿ ಯಾರಿಗೆ ಕರೆ ಮಾಡಬೇಕು? ಮಳೆಗಾಲದ ಮಂಜಿನಲ್ಲಿ ಅಲ್ಲಿ ಕಣ್ಣಿಗೂ ಕಾಣುವುದಿಲ್ಲ, ಕ್ಯಾಮೆರಾಕ್ಕೂ ಕಾಣುವುದಿಲ್ಲ. ಮೇಲಾಗಿ ಇಲ್ಲಿ ಬೀಳುವವರು ಹೆಚ್ಚಾಗಿ ಸ್ಕೂಟರಿನವರು. ಬಾಡಿಗೆ ಸ್ಕೂಟರಿನ ಪ್ರವಾಸಿಗಳು, ಮೋಟಾರ್‌ಸೈಕಲ್ ಪೈಲಟ್‌ಗಳು (ಬೈಕ್ ಟ್ಯಾಕ್ಸಿಯವರು), ಬೈನಾ, ಝುವಾರಿನಗರದಿಂದ ಕೆಲಸಕ್ಕೆ ಹೋಗುವ ನಮ್ಮದೇ ಗದಗ, ಬಾಗಲಕೋಟೆಯ ಜನ. ಇ-ಕಾಲ್ ಮೊದಲು ಬರಬೇಕಾದ್ದು ಅವರ ಗಾಡಿಗೆ. ನಿಮ್ಮ ಮನವಿಯಲ್ಲಿ 'ಬಿದ್ದ ಹೊತ್ತಿನಿಂದ ಆಸ್ಪತ್ರೆ ಬಾಗಿಲಿಗೆ ಬಂದ ಹೊತ್ತು' ಅನ್ನುವ ಅಳತೆಯನ್ನು ಸೇರಿಸಿ.

ನಿಗಡಿಯ ಹುಬ್ಬಳ್ಳಿಯವ, ಪುಣೆ

ಸೇರಿಸಿದೆ ಅಕ್ಕ. ಕ್ಯಾಮೆರಾಕ್ಕೂ ಕಾಣುವುದಿಲ್ಲ ಅಂದಿರಿ; ಕತ್ತಲೆಯ ಮಟ್ಟಿಗೆ ಅದಕ್ಕೆ ಪುರಾವೆಯೂ ಇದೆ. ಪಾದಚಾರಿಯನ್ನು ಕಂಡು ತಾನೇ ಬ್ರೇಕ್ ಹಾಕುವ ಕಾರುಗಳು ಪಾದಚಾರಿ ಡಿಕ್ಕಿಗಳನ್ನು 27% ಇಳಿಸಿವೆ ಅಂತ ನಾನು ಮೊದಲು ಹೇಳಿದ ಅಮೆರಿಕದ ವಿಮಾ ಸುರಕ್ಷತಾ ಸಂಸ್ಥೆ 2022ರಲ್ಲಿ ಕಂಡಿತು. ಬೀದಿದೀಪವಿಲ್ಲದ ಕತ್ತಲಲ್ಲಿ ಮಾತ್ರ ಯಾವ ವ್ಯತ್ಯಾಸವೂ ಸಿಗಲಿಲ್ಲ. ಒಟ್ಟು ಅಂಕಿ ನೋಡಿ ಖುಷಿಪಟ್ಟರೆ ಚೋರ್ಲಾ ಅದರಲ್ಲಿ ಅಡಗಿಹೋಗುತ್ತದೆ.

ಈಗ ನಮ್ಮದೇ ಬಾಗಿಲಿಗೆ ಬರೋಣ: ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಇಳಿಜಾರು. ಬೆಳಗಾವಿ, ಕೊಲ್ಹಾಪುರ ಕಡೆಯಿಂದ ಪುಣೆಗೆ ಬರುವ ಎಲ್ಲರಿಗೂ ಗೊತ್ತಿರುವ ಜಾಗ. 2022ರ ನವೆಂಬರ್ 20ರ ರಾತ್ರಿ ಲಾರಿಯೊಂದು ಇಲ್ಲಿ ಹಿಡಿತ ತಪ್ಪಿ ಹತ್ತಾರು ವಾಹನಗಳನ್ನು ಜಜ್ಜಿತು. ಡೀಸೆಲ್ ಉಳಿಸಲು ಕೆಲವರು ನ್ಯೂಟ್ರಲ್ ಹಾಕಿ ಇಳಿಯುತ್ತಾರೆ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ನ್ಯೂಟ್ರಲಿನಲ್ಲಿ ಪೂರ್ತಿ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಎಂಜಿನ್ ಆರಿಸಿದ್ದರಂತೂ ಕಂಪ್ರೆಸರ್ ನಿಂತು ಗಾಳಿಯ ಒತ್ತಡವೂ ತುಂಬುವುದಿಲ್ಲ. ಅಷ್ಟು ಹೊತ್ತಿಗೆ ರಡಾರ್ ಮುಂದಿನ ಕಾರನ್ನು ಕಂಡು ಬ್ರೇಕ್ ಒತ್ತಿದರೆ ಏನು ಬಂತು? ಹಿಡಿಯುವ ಬ್ರೇಕೇ ಇಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಸುದ್ದಿ. ಗಾಡಿ ನ್ಯೂಟ್ರಲಿಗೆ ಹೋದ ತಕ್ಷಣ ಚಾಲಕನಿಗೆ ಎಚ್ಚರಿಕೆ, ವೇಗ ಮೀರಿದರೆ ಕೆಳಗಿನ ಫಲಕದಲ್ಲಿ ಎಲ್ಲರಿಗೂ ಎಚ್ಚರಿಕೆ. ಗಾಡಿಯಿಂದ ಗಾಡಿಗೆ ನೇರ ಸುದ್ದಿ ಅಂದರೆ ಎರಡರಲ್ಲೂ ಯಂತ್ರವಿರಬೇಕು. ನೂರರಲ್ಲಿ ಹತ್ತು ಗಾಡಿಯಲ್ಲಿದ್ದರೆ, ಎದುರುಬದುರಾಗುವ ಎರಡೂ ಗಾಡಿಯಲ್ಲಿ ಇರುವ ಸಂಭವ ನೂರರಲ್ಲಿ ಒಂದೇ. ಹಾಗಾಗಿ ಮೊದಲ ವರ್ಷಗಳಲ್ಲಿ ರಸ್ತೆಬದಿಯ ಕಂಬದಿಂದ ಸುದ್ದಿ ಹೊರಡಿಸುವುದೇ ಸರಿಯಾದ ದಾರಿ.

ಅಳತೆಯ ಬಲೆ ಇರುವುದು ಇನ್ನೊಂದು ಕಡೆ. ಭೀಕರ ಅಪಘಾತವಾದ ಮೇಲೆ ಕ್ಯಾಮೆರಾ ಹಾಕುತ್ತಾರೆ, ಮುಂದಿನ ವರ್ಷ ಸಾವು ಇಳಿಯುತ್ತದೆ, ಕ್ಯಾಮೆರಾದಿಂದ ಇಳಿಯಿತು ಅಂತ ಪತ್ರಿಕೆಯಲ್ಲಿ ಬರುತ್ತದೆ. ವಿಪರೀತ ಕೆಟ್ಟ ವರ್ಷದ ಮರುವರ್ಷ ಏನೂ ಮಾಡದಿದ್ದರೂ ಸರಾಸರಿಯ ಕಡೆಗೆ ಇಳಿಯುವ ಸಂಭವವೇ ಹೆಚ್ಚು. ಅದನ್ನು ಕಳೆಯಬೇಕಾದರೆ ಹಿಂದಿನ ಹಲವು ವರ್ಷಗಳ ಲೆಕ್ಕ ಬೇಕು, ಕ್ಯಾಮೆರಾ ಹಾಕದ ಇಂಥದೇ ಇನ್ನೊಂದು ಇಳಿಜಾರಿನ ಲೆಕ್ಕವೂ ಬೇಕು. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ತೊಡಕು ಇನ್ನೂ ಹೆಚ್ಚು. 2016ರಿಂದ ಶೂನ್ಯ ಸಾವಿನ ಕಾರಿಡಾರ್ ಅಂತ ತಡೆಬೇಲಿ, ಆಂಬುಲೆನ್ಸ್, ಪೊಲೀಸ್ ಗಸ್ತು ಎಲ್ಲ ಸುಧಾರಿಸುತ್ತ ಬಂದರು. 2024ರಲ್ಲಿ ವೇಗ, ಸೀಟ್‌ಬೆಲ್ಟ್, ಲೇನ್ ನೋಡುವ ಕ್ಯಾಮೆರಾಗಳ ಜಾಲ ಬಂತು. ಸಾವು ಇಳಿದದ್ದರಲ್ಲಿ ಯಾವುದಕ್ಕೆ ಎಷ್ಟು ಪಾಲು? ಕ್ಯಾಮೆರಾ ಮಾರಿದವರನ್ನು ಕೇಳಿದರೆ ಪೂರ್ತಿ ಅವರದೇ ಅನ್ನುತ್ತಾರೆ. ಅದಕ್ಕೇ ಯಂತ್ರ ಹಾಕುವ ಮೊದಲೇ ಈಗಿನ ಸ್ಥಿತಿ ಬರೆದಿಡಬೇಕು. ಹಾಕಿದ ಮೇಲೆ ಮೊದಲಿನದ್ದನ್ನು ಎಲ್ಲಿಂದ ತರುವುದು?

ಫೋರ್ಟ್ ವಕೀಲ, ಮುಂಬಯಿ

ದತ್ತಾಂಶ ಯಾರದು ಅನ್ನುವುದನ್ನು ಯಾರೂ ಕೇಳಲಿಲ್ಲ. ಫಾಸ್ಟ್ಯಾಗ್ 2021ರ ಫೆಬ್ರುವರಿಯಿಂದ ಕಡ್ಡಾಯ. ಯಾವ ಗಾಡಿ ಎಷ್ಟು ಹೊತ್ತಿಗೆ ಎಲ್ಲಿ ದಾಟಿತು ಅನ್ನುವುದು ಆಗಲೇ ದಾಖಲೆ. ಇನ್ನು ಗಾಡಿಯೊಳಗಿನ ಕ್ಯಾಮೆರಾ, ಮೈಕು, ನಕ್ಷೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ವೈಯಕ್ತಿಕ ದತ್ತಾಂಶದ ಕಾಯಿದೆ 2023ರಲ್ಲಿ ಬಂತು. ಬಸ್ ಡ್ರೈವರ್ ಅಣ್ಣನ ಮುಖದ ವಿಡಿಯೋವನ್ನು ಮಾಲೀಕ ಎಷ್ಟು ದಿನ ಇಟ್ಟುಕೊಳ್ಳಬಹುದು, ಅಪಘಾತದ ಕೇಸಿನಲ್ಲಿ ಅದು ಅಣ್ಣನ ಕೈಗೂ ಸಿಗುತ್ತದೆಯೇ? ಪರಿಣಾಮದ ಅಧ್ಯಯನದಲ್ಲಿ ಈ ಪ್ರಶ್ನೆಗೂ ಜಾಗ ಬೇಕು.

ಮಾದರಿ ಬೇಕೆಂದರೆ ಇದೆ. ಅಮೆರಿಕದಲ್ಲಿ 2021ರ ಜೂನ್‌ನಿಂದ ಜಾರಿಯಲ್ಲಿರುವ ಆದೇಶದಂತೆ, 2ನೇ ಹಂತದ ಯಂತ್ರ ಡಿಕ್ಕಿಗೆ ಮೊದಲಿನ 30 ಸೆಕೆಂಡಿನೊಳಗೆ ಚಾಲೂ ಇದ್ದರೆ ಗಂಭೀರ ಅಪಘಾತವನ್ನು ತಯಾರಕರು ಸರ್ಕಾರಕ್ಕೆ ವರದಿ ಮಾಡಬೇಕು. ನಮ್ಮ ಪೊಲೀಸರು ಅಪಘಾತದ ವಿವರ ತುಂಬುವ ಇ-ಡಾರ್ ವ್ಯವಸ್ಥೆ ಈಗಾಗಲೇ ದೇಶದಾದ್ಯಂತ ಇದೆ. 'ಎಡಾಸ್ ಚಾಲೂ ಇತ್ತೇ' ಅನ್ನುವ ಒಂದು ಸಾಲಿಗೆ ತಪ್ಪದೆ ಉತ್ತರ ತುಂಬಿಸಿದರೆ ಐದು ವರ್ಷದಲ್ಲಿ ನಮ್ಮದೇ ಪುರಾವೆ ಇರುತ್ತದೆ.

ಮಾಟುಂಗಾ ಶೆಟ್ರು, ಮುಂಬಯಿ

ಇಷ್ಟು ಓದಿದ ಮೇಲೂ ನನಗೆ ಯಂತ್ರದ ಮೇಲೆ ಭರವಸೆ ಉಂಟು, ಬಿಡುವುದಿಲ್ಲ. ಡ್ರೈವರಿಲ್ಲದ ಕಾರನ್ನು ಬಿಡುವುದೇ ಇಲ್ಲ, ಜನರ ಕೆಲಸ ಹೋಗುತ್ತದೆ ಅಂತ ಕೇಂದ್ರ ಸಾರಿಗೆ ಸಚಿವ ಗಡ್ಕರಿಯವರು 2017ರಿಂದ ಹೇಳುತ್ತಾ ಬಂದಿದ್ದಾರೆ. ಕೆಲಸದ ಚಿಂತೆ ಸರಿಯೇ. ಆದರೆ ಅಷ್ಟು ಹೇಳಿ ಬಾಗಿಲು ಹಾಕಿದರೆ ಡೊಂಬಿವಲಿಯ ಅತ್ತೆಯವರಿಗೆ ಎಂತ ಉತ್ತರ? ಅಳೆದು, ತೂಗಿ, ಬೇಕಾದ ಕಡೆ ಬಿಡಿ.

ಸೀಟ್ ನಂಬರ್ 1, ಬಸ್ ಡ್ರೈವರ್, ಕಾತ್ರಜ್

ಶೆಟ್ರ, ನನ್ನ ಕೆಲಸ ಹೋಗೂದಾದ್ರ ನನ್ನ ಮಗಗ ಬ್ಯಾರೆ ಕೆಲಸ ಕಲಿಸಾಕ ಟೈಮ್ ಕೊಡ್ರಿ, ನಾ ಕೇಳೂದು ಇಷ್ಟ. ಈಗ ನನ್ನ ಜೋಡಿ ಗಾಡಿ ಓಡಸೂ ಹುಡುಗ್ರನ್ನ ಒಂದ ಸಲಾನೂ ಯಾರೂ ಕೇಳಿಲ್ಲ, ಮಷಿನ್ ಹೆಂಗ ಐತಿ ಅಂತ.

ನವಲೆ ಇಳಿಜಾರಿನ ಲೆಕ್ಕ ಬೇಕಂದ್ರಿ. ಮ್ಯಾಲ ಖೇಡ್ ಶಿವಾಪುರದ ಟೋಲ್ ಹತ್ರ ಧಾಬಾದಾಗ ನಮ್ಮ ಕಡೆ ಲಾರಿ ಡ್ರೈವರ್ರು ಊಟಕ್ಕ ನಿಂದರ್ತಾರ. ಯಾರು ನ್ಯೂಟ್ರಲ್ ಹಾಕ್ತಾರ, ಯಾಕ ಹಾಕ್ತಾರ, ಮಾಲೀಕ್ರು ಡೀಸೆಲ್ ಎಷ್ಟು ಲೆಕ್ಕ ಹಚ್ಚಿ ಕೊಡ್ತಾರ, ಕನ್ನಡದಾಗ ಕೇಳಿದ್ರ ಖರೇ ಹೇಳ್ತಾರ. ಪೊಲೀಸ್ರು ಕೇಳಿದ್ರ ಯಾರೂ ಹೇಳೂದಿಲ್ಲ.

ನಿಗಡಿಯ ಹುಬ್ಬಳ್ಳಿಯವ, ಪುಣೆ

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ, ಬಹಳ ಉಪಕಾರವಾಯಿತು. ಪ್ರಶ್ನೆಗಳ ಕರಡು ಈ ವಾರವೇ ಇಲ್ಲಿ ಹಾಕುತ್ತೇನೆ. ನಿಮ್ಮ ಭಾಷೆಯಲ್ಲಿ ತಿದ್ದಿಕೊಡಿ, ಪುಸ್ತಕದ ಮಾತು ಬೇಡ. ನರ್ಸ್ ಅಕ್ಕ, ಆಸ್ಪತ್ರೆಗೆ ತಲುಪಿದ ಹೊತ್ತನ್ನು ರೋಗಿಯ ಹೆಸರಿಲ್ಲದೆ ಬರೆದಿಡುವ ನಮೂನೆ ನಿಮ್ಮಲ್ಲಿದ್ದರೆ ಅದರ ಖಾಲಿ ಹಾಳೆ ಕಳುಹಿಸಿ. ವಕೀಲರು ಇ-ಡಾರ್ ಸಾಲಿನ ಒಕ್ಕಣೆ ಬರೆದುಕೊಟ್ಟರೆ ಮನವಿಯ ಮೊದಲ ಪುಟದಲ್ಲೇ ಹಾಕೋಣ. ಇಳಿಜಾರಿನಲ್ಲಿ ಗಾಡಿಗಳ ವೇಗವನ್ನು ವಿಡಿಯೋದಿಂದ ಲೆಕ್ಕ ಮಾಡಲು ಕಾಲೇಜಿನ ಹುಡುಗರು ಮೂರು ನಾಲ್ಕು ಜನ ಬೇಕು. ಸೇತುವೆ ಪಕ್ಕದ ಯಾವ ಕಟ್ಟಡದ ಟೆರೇಸಿನಿಂದ ಇಳಿಜಾರು ಪೂರ್ತಿ ಕಾಣುತ್ತದೆ ಅಂತ ನರ್‍ಹೆ, ಆಂಬೇಗಾಂವ್ ಕಡೆಯವರು ಯಾರಾದರೂ ತಿಳಿಸಿ.